ಅಡ್ಡಸಾಲಿನ ಶೇಕಡಾವೋ, ಕಂಬಸಾಲಿನದೋ?

ವಿಜಯಪುರ ಜಿಲ್ಲೆಯಲ್ಲಿ ಬೆಳೆ ವಿಮೆಯ ಸಮೀಕ್ಷೆ ಮಾಡಿದಿರಿ ಅಂದುಕೊಳ್ಳಿ. ತಿಕೋಟಾ ಕಡೆಯ 100 ದ್ರಾಕ್ಷಿ ಬೆಳೆಗಾರರಲ್ಲಿ 60 ಮಂದಿ, ಇಂಡಿ ಕಡೆಯ 25 ನಿಂಬೆ ಬೆಳೆಗಾರರಲ್ಲಿ 20 ಮಂದಿ ವಿಮೆ ಮಾಡಿಸಿದ್ದಾರೆ (ಲೆಕ್ಕ ಕಾಲ್ಪನಿಕ). ಇದನ್ನು ಕೋಷ್ಟಕದಲ್ಲಿ ಬರೆದಿದ್ದೀರಿ: ಬೆಳೆ ಅಡ್ಡಸಾಲಲ್ಲಿದೆ (row), 'ವಿಮೆ ಇದೆ, ಇಲ್ಲ' ಎಂಬ ಉತ್ತರ ಕಂಬಸಾಲಲ್ಲಿದೆ (column).

ಅಡ್ಡಸಾಲಿನ ಮೊತ್ತದಿಂದ ಭಾಗಿಸಿದರೆ ದ್ರಾಕ್ಷಿಯವರು ಶೇ 60, ನಿಂಬೆಯವರು ಶೇ 80. ಬೆಳೆಗೂ ವಿಮೆಗೂ ನಂಟಿದೆಯೇ ಎಂದು ನೋಡಲು ಇದೇ ಬೇಕು. ಕಂಬಸಾಲಿನ ಮೊತ್ತದಿಂದ ಭಾಗಿಸಿದರೆ ಚಿತ್ರವೇ ಬೇರೆ: ವಿಮೆ ಮಾಡಿಸಿದ 80 ಮಂದಿಯಲ್ಲಿ ಶೇ 75 ದ್ರಾಕ್ಷಿಯವರು. ವಿಮಾ ಏಜೆಂಟರಿಗೆ ಇದು ಉಪಯೋಗ. ಆದರೆ 'ದ್ರಾಕ್ಷಿಯವರಿಗೇ ವಿಮೆಯ ಒಲವು ಜಾಸ್ತಿ' ಎಂದು ಓದಿದಿರೋ, ಕೆಟ್ಟಿತು. ನೀವು ಅವರನ್ನೇ ಹೆಚ್ಚು ಕೇಳಿದ್ದೀರಿ, ಅಷ್ಟೆ.

ಒಟ್ಟು 125ರಿಂದ ಭಾಗಿಸಿದ ಶೇ 48, ಶೇ 16 ವರದಿಯ ಮೂಲೆಯಲ್ಲಿರಲಿ. ಹಾಂ, ನಿಂಬೆಯವರಲ್ಲಿ ಇಬ್ಬರು ಮಾತು ಬದಲಿಸಿದರೂ ಶೇ 80 ಇದ್ದದ್ದು 72ಕ್ಕೆ ಇಳಿಯುತ್ತದೆ. ಶೇಕಡಾದ ಪಕ್ಕ ಜನರ ಸಂಖ್ಯೆಯನ್ನೂ ಬರೆಯಿರಿ.