ಬ್ಯಾಂಕಾಕ್‌ನಲ್ಲಿ ಕಾಂಡೋ: ಕೋಟಾದ ಕಾಗದ ನೋಡದೆ ಬುಕಿಂಗ್ ಹಣ ಕಟ್ಟಬೇಡಿ

ಬ್ಯಾಂಕಾಕ್‌ನಲ್ಲಿ ಕೆಲಸದಲ್ಲಿದ್ದು, ಬಾಡಿಗೆ ಕಟ್ಟಿ ಸಾಕಾಗಿ, ಇಲ್ಲೇ ಒಂದು ಕಾಂಡೋ (ಅಪಾರ್ಟ್‌ಮೆಂಟ್ ಫ್ಲಾಟ್) ಕೊಳ್ಳೋಣ ಅಂತಿರುವ ಕನ್ನಡಿಗರು ದಯವಿಟ್ಟು ಇದನ್ನು ಪೂರ್ತಿ ಓದಿ. ಬೆಂಗಳೂರಿನ ದೊಡ್ಡ ಹೋಟೆಲ್‌ಗಳಲ್ಲಿ ನಡೆಯುವ ಪ್ರಾಪರ್ಟಿ ಎಕ್ಸ್‌ಪೋಗೆ ಹೋಗಿ ಬ್ರೋಷರ್ ತಂದಿಟ್ಟುಕೊಂಡವರೂ ಓದಿ. ನನಗೆ "ಫಾರಿನ್ ಫ್ರೀಹೋಲ್ಡ್", ಅಂದರೆ ವಿದೇಶಿಯ ಹೆಸರಿಗೇ ಪೂರ್ತಿ ಮಾಲೀಕತ್ವ, ಅಂತ ಹೇಳಿ ಮನೆ ಮಾರಿದರು. ಕಟ್ಟಡ ಎದ್ದು ನಿಂತ ಮೇಲೆ, ರಿಜಿಸ್ಟ್ರೇಷನ್ ಹೊತ್ತಿಗೆ, "ಫಾರಿನ್ ಕೋಟಾ ಮುಗಿದಿದೆ, ಮೂವತ್ತು ವರ್ಷದ ಲೀಸ್ ತಗೊಳ್ಳಿ" ಅಂದರು.

ಮೊದಲು ಕಾನೂನು ಏನು ಹೇಳುತ್ತೆ ಅಂತ ನೋಡೋಣ. ಥಾಯ್ಲೆಂಡ್‌ನಲ್ಲಿ ಹೊರದೇಶದವರ ಹೆಸರಿಗೆ ಸಾಮಾನ್ಯವಾಗಿ ಜಮೀನು ಆಗುವುದಿಲ್ಲ. ಆದರೆ 1979ರ ಕಾಂಡೋಮಿನಿಯಂ ಕಾಯ್ದೆ ಪ್ರಕಾರ ಫ್ಲಾಟ್ ಆಗುತ್ತೆ. ಅದಕ್ಕೊಂದು ಮಿತಿ ಇದೆ. ಒಂದು ಕಾಂಡೋ ಕಟ್ಟಡದ ಎಲ್ಲ ಫ್ಲಾಟ್‌ಗಳ ಒಟ್ಟು ವಿಸ್ತೀರ್ಣದಲ್ಲಿ 49 ಪರ್ಸೆಂಟ್ ಮಾತ್ರ ವಿದೇಶಿಯರ ಹೆಸರಲ್ಲಿ ಇರಬಹುದು. ಗಮನಿಸಿ, ಇದು ಫ್ಲಾಟ್‌ಗಳ ಲೆಕ್ಕ ಅಲ್ಲ, ಚದರ ಮೀಟರ್ ಲೆಕ್ಕ. ಎಲ್ಲ ಫ್ಲಾಟ್ ಸೇರಿ 20,000 ಚದರ ಮೀಟರ್ ಇದ್ದರೆ ವಿದೇಶಿಯರಿಗೆ 9,800. ಮೇಲಿನ ಮಹಡಿಯ ದೊಡ್ಡ ದೊಡ್ಡ ಮನೆಗಳನ್ನು ವಿದೇಶಿಯರೇ ಕೊಂಡರೆ ಕೋಟಾ ಬೇಗ ಖಾಲಿ. ನಮ್ಮಂಥವರು ನೋಡುವ ಒಂದು ಬೆಡ್‌ರೂಮಿನ ಸಣ್ಣ ಮನೆಗೆ ಜಾಗವೇ ಉಳಿಯುವುದಿಲ್ಲ.

ಕಟ್ಟುತ್ತಿರುವ ಪ್ರಾಜೆಕ್ಟ್‌ಗಳಲ್ಲಿ ಸಮಸ್ಯೆ ಇನ್ನೂ ಜಾಸ್ತಿ. ಕಟ್ಟಡ ಮುಗಿದು ಕಾಂಡೋ ಅಂತ ನೋಂದಣಿ ಆಗುವವರೆಗೆ ಸರ್ಕಾರದ ದಾಖಲೆಯಲ್ಲಿ ಆ ಕೋಟಾ ಅನ್ನೋದೇ ಇರುವುದಿಲ್ಲ. ಅಲ್ಲಿಯವರೆಗೆ ಇರುವುದು ಬಿಲ್ಡರ್‌ನ ಕಡೆಯವರು ಇಟ್ಟುಕೊಂಡ ಪಟ್ಟಿ, ಅಷ್ಟೇ. ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದ ಹಾಗೆ, ಬುಕಿಂಗ್ ಹಣ ಕಟ್ಟಿದರೆ ಕೋಟಾ ನಮ್ಮದಾಯಿತು ಅಂತ ಎಲ್ಲರೂ ನಂಬುತ್ತಾರೆ. ಹಾಗಿಲ್ಲ. ಲ್ಯಾಂಡ್ ಆಫೀಸಿನಲ್ಲಿ (ಇಲ್ಲಿನ ಆಸ್ತಿ ನೋಂದಣಿ ಕಚೇರಿ) ಹೆಸರು ಏರಿದ ದಿನವೇ ಅದು ನಮ್ಮದು.

ನಾನು ಬುಕ್ ಮಾಡಿದ್ದು ಸುಖುಮ್ವಿತ್ ಕಡೆ, ಬಿಟಿಎಸ್ ರೈಲಿಗೆ ಹತ್ತಿರದ ಒಂದು ಪ್ರಾಜೆಕ್ಟ್‌ನಲ್ಲಿ. ಬ್ರೋಷರ್‌ನಲ್ಲಿ ಫಾರಿನ್ ಫ್ರೀಹೋಲ್ಡ್ ಅಂತ ದಪ್ಪ ಅಕ್ಷರದಲ್ಲಿತ್ತು. ಸೇಲ್ಸ್ ಹುಡುಗಿಯನ್ನು ಎರಡೆರಡು ಸಲ ಕೇಳಿದೆ. "ನಿಮ್ಮ ಯೂನಿಟ್ ಫಾರಿನ್ ಕೋಟಾದಲ್ಲೇ ಇದೆ" ಅಂತ ಮೆಸೇಜ್ ಕೂಡ ಮಾಡಿದಳು. ಅಗ್ರಿಮೆಂಟ್ ಥಾಯ್‌ನಲ್ಲಿ ಒಂದು, ಇಂಗ್ಲಿಷ್‌ನಲ್ಲಿ ಒಂದು ಕೊಟ್ಟರು. ಇಂಗ್ಲಿಷ್ ಪ್ರತಿಯನ್ನು ಸಾಲು ಸಾಲಾಗಿ ಓದಿ ಸಹಿ ಹಾಕಿದೆ. ಕಂತುಗಳನ್ನೂ ಸರಿಯಾಗಿ ಕಟ್ಟಿದೆ.

ರಿಜಿಸ್ಟ್ರೇಷನ್‌ಗೆ ಕರೆದಾಗ ಮಾತು ಬದಲಾಯಿತು. ಕೋಟಾ ಮುಗಿದಿದೆ, ಈಗ ಲೀಸ್ ಮಾಡಿಕೊಳ್ಳಿ, ಇಲ್ಲವೇ ಥಾಯ್ ಕಂಪನಿ ಮಾಡಿ ಅದರ ಹೆಸರಿಗೆ ಹಾಕಿಸಿಕೊಳ್ಳಿ, ಎರಡೂ ಬೇಡ ಅಂದರೆ ಕಟ್ಟಿದ ಹಣ ಮುಟ್ಟುಗೋಲು ಅಂದರು. ಯಾಕೆ ಅಂತ ಕೇಳಿದರೆ ಥಾಯ್ ಪ್ರತಿಯ ಒಂದು ಸಾಲು ತೋರಿಸಿದರು. ಕೋಟಾ ಇಲ್ಲದಿದ್ದರೆ ಖರೀದಿದಾರ ಲೀಸ್ ಒಪ್ಪಬೇಕು ಅಂತ ಅದರಲ್ಲಿತ್ತು. ಇಂಗ್ಲಿಷ್ ಪ್ರತಿಯಲ್ಲಿ ಆ ಸಾಲೇ ಇಲ್ಲ. ಎರಡಕ್ಕೂ ವ್ಯತ್ಯಾಸ ಬಂದರೆ ಥಾಯ್ ಪ್ರತಿಯೇ ಊರ್ಜಿತ ಅನ್ನುವ ಮಾತು ಮಾತ್ರ ಎರಡರಲ್ಲೂ ಇತ್ತು. ವರ್ಷಗಟ್ಟಲೆ ಕೂಡಿಟ್ಟ ಹಣ ಅದು. ಆ ಆಫೀಸಿನಲ್ಲಿ ಕೂತಾಗ ಆದ ಸಂಕಟ ಇನ್ಯಾರಿಗೂ ಬೇಡ.

ಅವರು ಮುಂದಿಟ್ಟ ಎರಡು ದಾರಿಗಳ ಬಗ್ಗೆಯೂ ಹೇಳಬೇಕು. ಲೀಸ್‌ಗೆ ಕಾನೂನಿನ ಗರಿಷ್ಠ ಅವಧಿ 30 ವರ್ಷ. "30 ಆದಮೇಲೆ ಇನ್ನೊಂದು 30, ಆಮೇಲೆ ಮತ್ತೊಂದು 30" ಅಂತ ಹೇಳುತ್ತಾರೆ. ಲ್ಯಾಂಡ್ ಆಫೀಸಿನಲ್ಲಿ ನೋಂದಣಿ ಆಗುವುದು ಮೊದಲ 30 ಮಾತ್ರ. ಉಳಿದದ್ದನ್ನು ನಂಬಿ ಫ್ರೀಹೋಲ್ಡ್ ಬೆಲೆ ಕೊಡಬೇಡಿ. ಇನ್ನು ಕಂಪನಿ ದಾರಿ. ಹೆಸರಿಗಷ್ಟೇ ಥಾಯ್ ಷೇರುದಾರರನ್ನು ಇಟ್ಟು ಕಂಪನಿ ಮಾಡುವುದು ಅಪರಾಧ. 1999ರ ಫಾರಿನ್ ಬಿಸಿನೆಸ್ ಕಾಯ್ದೆಯಲ್ಲಿ ಇದಕ್ಕೆ ಮೂರು ವರ್ಷದವರೆಗೆ ಜೈಲು, ಹತ್ತು ಲಕ್ಷ ಬಾತ್‌ವರೆಗೆ (ಥಾಯ್ ಕರೆನ್ಸಿ) ದಂಡ ಇದೆ. ವರ್ಕ್ ಪರ್ಮಿಟ್ ಮೇಲೆ ಬದುಕುವವರು ಆ ಕಡೆ ತಲೆಯನ್ನೂ ಹಾಕಬಾರದು.

ನಾನು ಎರಡಕ್ಕೂ ಒಪ್ಪಲಿಲ್ಲ. ಬಿಲ್ಡರ್‌ಗೂ ಏಜೆಂಟ್‌ಗೂ ಸಂಬಂಧವಿಲ್ಲದ ಒಬ್ಬ ವಕೀಲೆಯನ್ನು ಹುಡುಕಿದೆ. ಅವರು ಹೇಳಿದ್ದು ಕೇಳಿ ಜೀವ ಬಂತು. 2008ರಲ್ಲಿ ಕಾಂಡೋ ಕಾಯ್ದೆಗೆ ತಿದ್ದುಪಡಿ ಆಗಿದೆ. ಅದರ ಪ್ರಕಾರ ಜಾಹೀರಾತು, ಬ್ರೋಷರ್ ಎಲ್ಲ ಒಪ್ಪಂದದ ಭಾಗ. ಬ್ರೋಷರ್‌ಗೂ ಅಗ್ರಿಮೆಂಟ್‌ಗೂ ತಾಳೆ ಆಗದಿದ್ದರೆ ಕೊಳ್ಳುವವರ ಪರವಾಗಿ ಅರ್ಥ ಮಾಡಬೇಕು. ಜೊತೆಗೆ ಬಿಲ್ಡರ್‌ಗಳು ಸರ್ಕಾರ ನಿಗದಿ ಮಾಡಿದ ಅಗ್ರಿಮೆಂಟ್ ನಮೂನೆಯನ್ನೇ ಬಳಸಬೇಕು. ಅದಕ್ಕೆ ಹೊರತಾಗಿ, ಕೊಳ್ಳುವವರಿಗೆ ನಷ್ಟ ಆಗುವ ಹಾಗೆ ಸೇರಿಸಿದ ಸಾಲು ಲೆಕ್ಕಕ್ಕೇ ಬರುವುದಿಲ್ಲ. ಇದನ್ನೇ ಹಿಡಿದು ನೋಟಿಸ್ ಕಳಿಸಿದರು. ಬ್ರೋಷರ್, ಮೆಸೇಜ್, ರಸೀದಿ ಎಲ್ಲ ನನ್ನ ಹತ್ತಿರ ಇದ್ದವು. ತುಂಬಾ ಎಳೆದಾಡಿದ ಮೇಲೆ ಕಟ್ಟಿದ ಅಸಲು ವಾಪಸ್ ಬಂತು. ಬಡ್ಡಿ ಬರಲಿಲ್ಲ. ವಕೀಲರ ಫೀಸು, ಕರೆನ್ಸಿ ಬದಲಾವಣೆಯ ನಷ್ಟ ನನ್ನ ತಲೆಗೇ ಬಂತು.

ಹಾಗಾಗಿ ಕಟ್ಟುತ್ತಿರುವ ಕಟ್ಟಡವೇ ಬೇಕು ಅಂದರೆ, "ಈ ಯೂನಿಟ್ ವಿದೇಶಿಯ ಹೆಸರಿಗೆ ಫ್ರೀಹೋಲ್ಡ್ ಆಗಿ ನೋಂದಣಿ ಆಗದಿದ್ದರೆ ಪೂರ್ತಿ ಹಣ ಬಡ್ಡಿ ಸಮೇತ ವಾಪಸ್" ಅನ್ನುವ ಸಾಲು ಥಾಯ್ ಪ್ರತಿಯಲ್ಲಿ ಇರಲೇಬೇಕು. ಆ ಥಾಯ್ ಪ್ರತಿಯನ್ನು ನೀವೇ ದುಡ್ಡು ಕೊಟ್ಟು ಬೇರೆಯವರಿಂದ ಅನುವಾದ ಮಾಡಿಸಿ. ಅವರು ಕೊಟ್ಟ ಇಂಗ್ಲಿಷ್ ಪ್ರತಿ ಸಾಲದು. ನಮ್ಮಲ್ಲಿ ರೇರಾ ಪ್ರಕಾರ ಬಿಲ್ಡರ್ 70 ಪರ್ಸೆಂಟ್ ಹಣವನ್ನು ಬೇರೆ ಖಾತೆಯಲ್ಲಿ ಇಡಬೇಕು ಅಲ್ವಾ, ಅಂಥ ಕಡ್ಡಾಯ ಇಲ್ಲಿಲ್ಲ. ಹಣವನ್ನು ಮೂರನೆಯವರ ಬಳಿ ಇಡುವ ಎಸ್ಕ್ರೋ ಕಾನೂನು ಇದೆ, ಆದರೆ ಎರಡೂ ಕಡೆಯವರು ಒಪ್ಪಿದರೆ ಮಾತ್ರ.

ನನ್ನನ್ನು ಕೇಳಿದರೆ ಮುಗಿದ ಕಟ್ಟಡವೇ ವಾಸಿ. ಅಲ್ಲಿ ಜ್ಯೂರಿಸ್ಟಿಕ್ ಆಫೀಸ್ ಇರುತ್ತೆ, ನಮ್ಮ ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಥರ. ಈಗ ಎಷ್ಟು ಪರ್ಸೆಂಟ್ ವಿದೇಶಿಯರ ಹೆಸರಲ್ಲಿದೆ ಅಂತ ಅವರು ಪತ್ರ ಕೊಡುತ್ತಾರೆ. ರಿಜಿಸ್ಟ್ರೇಷನ್‌ಗೆ ಆ ಪತ್ರ ಹೇಗೂ ಬೇಕು. ಹಳೆಯ ಮಾಲೀಕರ ಮೆಂಟೆನೆನ್ಸ್ ಬಾಕಿ ಇಲ್ಲ ಅನ್ನುವ ಪತ್ರವೂ ಬೇಕು. ಎರಡನ್ನೂ ಅಡ್ವಾನ್ಸ್ ಕೊಡುವ ಮುಂಚೆಯೇ ಕೇಳಿ.

ಇನ್ನೊಂದು ವಿಷಯ ಇಲ್ಲಿ ಸಂಬಳ ತೆಗೆದುಕೊಳ್ಳುವವರಿಗೆ ತುಂಬಾ ಮುಖ್ಯ. ಫ್ಲಾಟಿನ ಹಣ ವಿದೇಶಿ ಕರೆನ್ಸಿಯಲ್ಲಿ ಹೊರಗಿನಿಂದ ಬಂದಿರಬೇಕು. ಇಲ್ಲಿನ ಮಾಮೂಲಿ ಖಾತೆಯಲ್ಲಿ ಬಾತ್‌ನಲ್ಲಿ ಕೂಡಿಟ್ಟ ಸಂಬಳ ನಡೆಯುವುದಿಲ್ಲ. ಪರ್ಮನೆಂಟ್ ರೆಸಿಡೆನ್ಸಿ ಇದ್ದವರಿಗೆ ಈ ಷರತ್ತಿಲ್ಲ, ಆದರೆ ವರ್ಕ್ ಪರ್ಮಿಟ್ ಇದ್ದ ಮಾತ್ರಕ್ಕೆ ಅದು ಇದ್ದ ಹಾಗಲ್ಲ. ದಾವಣಗೆರೆ ಕಡೆಯ ಗೆಳೆಯರೊಬ್ಬರು ಇದು ಗೊತ್ತಾಗದೆ, ಸಂಬಳದ ಉಳಿತಾಯವನ್ನೆಲ್ಲ ಹೊರಗೆ ಕಳಿಸಿ ಮತ್ತೆ ಡಾಲರಿನಲ್ಲಿ ತರಿಸಬೇಕಾಯಿತು. ಎರಡೂ ಕಡೆ ಬ್ಯಾಂಕಿನ ಚಾರ್ಜು ಹೋಯಿತು.

ಊರಿನ ಎನ್‌ಆರ್‌ಇ ಖಾತೆಯಿಂದ (ಅನಿವಾಸಿ ಭಾರತೀಯರ ಬ್ಯಾಂಕ್ ಖಾತೆ) ಕಳಿಸುವುದಾದರೆ ಡಾಲರಿನಲ್ಲೇ ಕಳಿಸಿ, ಬಾತ್‌ಗೆ ಬದಲಾಗುವುದು ಥಾಯ್ ಬ್ಯಾಂಕಿನಲ್ಲೇ ಆಗಲಿ. ಉದ್ದೇಶ ಕಾಂಡೋ ಖರೀದಿ ಅಂತ ನಮೂದಿಸಿ. ಪಾಸ್‌ಪೋರ್ಟ್‌ನಲ್ಲಿರುವ ಹೆಸರೇ ಇರಲಿ. ನಮ್ಮ ಇನಿಷಿಯಲ್‌ಗಳಿಂದ ಇಲ್ಲಿ ಬಹಳ ತೊಂದರೆ. 50,000 ಡಾಲರ್ ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಹಣ ಹೊರಗಿನಿಂದ ಬಂತು ಅನ್ನುವುದಕ್ಕೆ ಬ್ಯಾಂಕು ಫಾರಿನ್ ಎಕ್ಸ್‌ಚೇಂಜ್ ಫಾರ್ಮ್ ಕೊಡುತ್ತೆ, ಕಡಿಮೆ ಇದ್ದರೆ ನೀವೇ ಕೇಳಿ ದೃಢೀಕರಣ ಪತ್ರ ಪಡೆಯಬೇಕು. ಪ್ರತಿ ಕಂತಿಗೂ ಪಡೆಯಿರಿ. ಮುಂದೆ ಮಾರಿ ಹಣ ಹೊರಗೆ ಒಯ್ಯುವಾಗಲೂ ಇದೇ ಕಾಗದ ತೋರಿಸಬೇಕು.

"ದಿನದ ಬಾಡಿಗೆಗೆ ಕೊಟ್ಟು ಕಂತು ಕಟ್ಟಬಹುದು" ಅನ್ನುವ ಏಜೆಂಟ್ ಮಾತು ನಂಬಬೇಡಿ. ಹೋಟೆಲ್ ಲೈಸೆನ್ಸ್ ಇಲ್ಲದೆ ದಿನದ ಲೆಕ್ಕದಲ್ಲಿ ಬಾಡಿಗೆಗೆ ಕೊಡುವುದು ಕಾನೂನಿಗೆ ವಿರುದ್ಧ.

ಈಗಾಗಲೇ ಸಿಕ್ಕಿಹಾಕಿಕೊಂಡಿದ್ದರೆ ಲೀಸ್ ಕಾಗದಕ್ಕೆ ಸಹಿ ಹಾಕಬೇಡಿ, ಸಹಿ ಬಿದ್ದ ಮೇಲೆ ವಾದ ಮಾಡುವುದು ಕಷ್ಟ. ಬ್ರೋಷರ್, ವೆಬ್‌ಸೈಟಿನ ಫೋಟೋ, ಚಾಟ್ ಎಲ್ಲವನ್ನೂ ಇವತ್ತೇ ಉಳಿಸಿಕೊಳ್ಳಿ. ಥಾಯ್ ಸರ್ಕಾರದ ಗ್ರಾಹಕ ರಕ್ಷಣಾ ಮಂಡಳಿಗೆ ದೂರು ಕೊಡಬಹುದು, ಅವರ ಸಹಾಯವಾಣಿ 1166. ಥಾಯ್ ಬಲ್ಲ ಗೆಳೆಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಫೋನ್ ಮಾಡಿ.