ಪೇಟನ್ ಅಂಗಳದ ಹಕ್ಕಿಗಳು: ಅರಿಜೋನಾದ ಪಟಗೋನಿಯಾದಲ್ಲಿ ಎರಡು ದಿನ

ಅಮೆರಿಕದ ಅರಿಜೋನಾ ರಾಜ್ಯದ ದಕ್ಷಿಣದಂಚಿನಲ್ಲಿ, ಮೆಕ್ಸಿಕೊ ಗಡಿಯ ಸಮೀಪದಲ್ಲಿರುವ ಪಟಗೋನಿಯಾ ಸುಮಾರು 800 ಜನರ ಊರು. ಸುತ್ತಲಿನ ಗಣಿಗಳಿಗೂ ದನ ಸಾಕುವ ರ‍್ಯಾಂಚುಗಳಿಗೂ ಬೇಕಾದದ್ದನ್ನು ಒದಗಿಸುತ್ತ ಬೆಳೆದ ಈ ಊರಿನ ನಟ್ಟನಡುವೆ ಈಗ ಉದ್ದನೆಯದೊಂದು ಹುಲ್ಲುಹಾಸಿದೆ. ಹಿಂದೆ ಅಲ್ಲಿ ರೈಲು ಹಳಿಗಳಿದ್ದವು. 1962ರಲ್ಲಿ ಅವನ್ನು ಕಿತ್ತರೂ 1900ರಲ್ಲಿ ಕಟ್ಟಿದ ನಿಲ್ದಾಣವನ್ನು ಉಳಿಸಿಕೊಂಡು, ಅದನ್ನೇ ಊರಿನ ಆಡಳಿತ ಕಚೇರಿಯಾಗಿ ಮಾಡಿಕೊಂಡಿದ್ದಾರೆ. ಟೂಸಾನ್ ನಗರದಿಂದ ಕಾರಿನಲ್ಲಿ ಒಂದು ಗಂಟೆಗಿಂತ ತುಸು ಹೆಚ್ಚಿನ ದಾರಿ. ನಾವು ಹೋದದ್ದು ಏಪ್ರಿಲ್‌ನಲ್ಲಿ.

ಇಲ್ಲಿಗೆ ಬರುವವರಿಗೆ ಅರ್ಧ ದಿನವಷ್ಟೇ ಬಿಡುವಿದ್ದರೆ, ಅದನ್ನು ಪೂರ್ತಿಯಾಗಿ ಪೇಟನ್ ಹಮ್ಮಿಂಗ್‌ಬರ್ಡ್ ಕೇಂದ್ರದಲ್ಲೇ ಕಳೆಯಿರಿ ಎಂದು ಹೇಳುತ್ತೇನೆ. ಕೇಂದ್ರವೆಂದರೆ ದೊಡ್ಡ ಕಟ್ಟಡವೇನಲ್ಲ. ಒಂದು ಸಾಧಾರಣ ಮನೆ, ಅದರ ಹಿತ್ತಲು, ಮಾಡಿನ ಕೆಳಗೆ ಕೆಲವು ಆಸನಗಳು, ಎದುರಿಗೆ ಹಮ್ಮಿಂಗ್‌ಬರ್ಡ್ ಎಂಬ ಪುಟ್ಟ ಹಕ್ಕಿಗಳು ಕುಡಿಯಲೆಂದು ಸಾಲಾಗಿ ತೂಗುಹಾಕಿದ ಸಕ್ಕರೆ ನೀರಿನ ಫೀಡರುಗಳು. 1970ರ ದಶಕದಲ್ಲಿ ಇಲ್ಲಿ ನೆಲೆಸಿದ ವಾಲಿ ಮತ್ತು ಮೇರಿಯನ್ ಪೇಟನ್ ದಂಪತಿ, ಬೇಲಿಯಾಚೆ ನಿಂತು ಇಣುಕುತ್ತಿದ್ದ ಅಪರಿಚಿತರನ್ನು ಒಳಗೆ ಕರೆದು ಕೂರಿಸಿದವರು. ಮೇರಿಯನ್ 2009ರಲ್ಲಿ ತೀರಿಕೊಂಡ ಮೇಲೆ ಈ ಜಾಗ ಏನಾಗುವುದೋ ಎಂಬ ಆತಂಕ ಹಕ್ಕಿಪ್ರಿಯರಲ್ಲಿತ್ತು. 2014ರಲ್ಲಿ ಹಕ್ಕಿಗಳ ಸಂರಕ್ಷಣೆಗಾಗಿ ದುಡಿಯುವ ಟೂಸಾನ್ ಆಡುಬಾನ್ ಸಂಸ್ಥೆ ಅದನ್ನು ವಹಿಸಿಕೊಂಡಿತು. ಗೇಟು ಇಂದಿಗೂ ತೆರೆದೇ ಇದೆ. ಸಕ್ಕರೆಯ ಖರ್ಚಿಗೆಂದು ಇಟ್ಟಿರುವ ಡಬ್ಬಿಗೆ ನಿಮಗೆ ತೋಚಿದಷ್ಟು ಹಣ ಹಾಕಬಹುದು.

ನಾನು ನೋಡಬೇಕೆಂದು ಹೋಗಿದ್ದ ಹಕ್ಕಿ ವಯಲೆಟ್-ಕ್ರೌನ್ಡ್ ಹಮ್ಮಿಂಗ್‌ಬರ್ಡ್. ಅಮೆರಿಕದೊಳಗೆ ಅದನ್ನು ಭರವಸೆಯಿಂದ ಕಾಯಬಹುದಾದ ಜಾಗಗಳಲ್ಲಿ ಈ ಹಿತ್ತಲಿಗೇ ಹೆಸರು. ನಲವತ್ತು ನಿಮಿಷ ಕೂತ ಮೇಲೆ, ಮೂರನೆಯ ಫೀಡರಿಗೆ ಅದು ಬಂತು: ಕೊರಳಿನಿಂದ ಹೊಟ್ಟೆಯವರೆಗೆ ಕಲೆಯಿಲ್ಲದ ಬಿಳುಪು, ತುದಿಯಷ್ಟೇ ಕಪ್ಪಾದ ಕೆಂಪು ಕೊಕ್ಕು. ನೆತ್ತಿ ಮೊದಲು ಕಪ್ಪಾಗಿಯೇ ಕಂಡಿತು. ತಲೆ ಹೊರಳಿಸಿ ಬಿಸಿಲಿಗೆ ಒಡ್ಡಿದ ಆ ಒಂದು ಕ್ಷಣ ಮಾತ್ರ ನೇರಳೆ ಬಣ್ಣ ಹೊಳೆಯಿತು. ಕುಡಿದಾದ ಮೇಲೆ ಪಕ್ಕದ ಕಡ್ಡಿಯ ಮೇಲೆ ಕೂತು, ಕೊಕ್ಕಿನಾಚೆಗೆ ದಾರದ ಎಳೆಯಂಥ ನಾಲಿಗೆಯನ್ನು ಎರಡು ಸಲ ಚಾಚಿ ಒಳಗೆಳೆದುಕೊಂಡಿತು. ಬೈನಾಕ್ಯುಲರ್ ಇಲ್ಲದೆಯೇ ಇದನ್ನು ನೋಡಿದೆ ಎಂದರೆ ಎಷ್ಟು ಹತ್ತಿರವಿತ್ತೆಂದು ಊಹಿಸಿಕೊಳ್ಳಿ.

ಊರಿನ ಪಕ್ಕದಲ್ಲೇ ಇರುವ ಸೊನೊಯಿಟಾ ಕ್ರೀಕ್ ಸಂರಕ್ಷಿತ ಪ್ರದೇಶ, ನೇಚರ್ ಕನ್ಸರ್ವೆನ್ಸಿ ಸಂಸ್ಥೆ 1966ರಲ್ಲಿ ಅರಿಜೋನಾದಲ್ಲಿ ಆರಂಭಿಸಿದ ಮೊದಲನೆಯದು. ಬಯಲೆಲ್ಲ ಒಣಗಿ ಹಳದಿಯಾಗಿರುವಾಗಲೂ ತೊರೆಯ ಇಕ್ಕೆಲದಲ್ಲಿ ಮಾತ್ರ ನೂರು ಅಡಿಗೂ ಮಿಕ್ಕಿ ಬೆಳೆದ ಕಾಟನ್‌ವುಡ್ ಮರಗಳು ಹಸಿರು ಹೊದ್ದು ನಿಂತಿರುತ್ತವೆ. ಗ್ರೇ ಹಾಕ್ ಎಂಬ ಬೂದು ಗಿಡುಗ ಗೂಡು ಕಟ್ಟುವುದು ಇಂಥ ಮರಗಳಲ್ಲಿಯೇ. ಅದರ ಎಳೆದೆಳೆದು ಕೂಗುವ ದನಿ ಆ ಬೆಳಗ್ಗೆಯೆಲ್ಲ ನಮ್ಮ ಜೊತೆಗಿತ್ತು. ಇದು ವಾರದ ಎಲ್ಲ ದಿನವೂ ತೆರೆದಿರುವುದಿಲ್ಲವಾದ್ದರಿಂದ ಮೊದಲೇ ವಿಚಾರಿಸಿಕೊಂಡು ಹೋಗಬೇಕು.

ಹೆದ್ದಾರಿ 82ರ ಬದಿಯ ತಂಗುದಾಣಕ್ಕೂ ಒಂದು ಸುತ್ತು ಹೋಗಿ ಬಂದೆವು. ಯಾವುದೋ ಒಂದು ಅಪರೂಪದ ಹಕ್ಕಿಯನ್ನು ನೋಡಲು ಬಂದವರ ಕಣ್ಣಿಗೆ ಇನ್ನೊಂದು ಅಪರೂಪದ ಹಕ್ಕಿ ಬೀಳುವುದು, ಅದನ್ನರಸಿ ಬಂದವರಿಗೆ ಮತ್ತೊಂದು ಸಿಗುವುದು, ಹೀಗೆ ಸಾಗುವ ಸರಪಳಿಗೆ ಪಕ್ಷಿವೀಕ್ಷಕರು ‘ಪಟಗೋನಿಯಾ ಪಿಕ್ನಿಕ್ ಟೇಬಲ್ ಪರಿಣಾಮ’ ಎಂದು ಹೆಸರಿಟ್ಟದ್ದು ಈ ಜಾಗದಿಂದಲೇ. ಆದರೆ ವಾಹನಗಳ ಸದ್ದಿನಲ್ಲಿ ಹಕ್ಕಿಯ ದನಿ ಹಿಡಿಯುವುದು ಕಷ್ಟ. ಪಟಗೋನಿಯಾ ಸರೋವರದಲ್ಲಿ ಎಲಿಗಂಟ್ ಟ್ರೋಗನ್ ಎಂಬ ಹಕ್ಕಿ ನಮಗೆ ಕಾಣಲಿಲ್ಲ. ಅಲ್ಲಿ ಅದಕ್ಕೆ ಚಳಿಗಾಲವೇ ಹೆಚ್ಚು ಅನುಕೂಲ.

ಬೇಸರವಾದದ್ದು ವಸತಿಯಲ್ಲಿ. ಸೂರ್ಯೋದಯಕ್ಕೆ ಮೊದಲೇ ಕಾಫಿ ಸಿಗುತ್ತದೆ ಎಂದು ಫೋನಿನಲ್ಲಿ ಒಪ್ಪಿಕೊಂಡಿದ್ದವರು ಎಂಟು ಗಂಟೆಯವರೆಗೆ ಅಡುಗೆಮನೆಯ ಬಾಗಿಲನ್ನೇ ತೆರೆಯಲಿಲ್ಲ. ಹಕ್ಕಿಗಳನ್ನು ನಂಬಿ ನಡೆಯುವ ಊರಿನಲ್ಲಿ ಇದು ಸಣ್ಣ ಕೊರತೆಯಲ್ಲ. ಬಿಸಿನೀರಿನ ಫ್ಲಾಸ್ಕನ್ನೂ ತಿನ್ನಲು ಏನಾದರೊಂದನ್ನೂ ಹಿಂದಿನ ಸಂಜೆಯೇ ಸಿದ್ಧಮಾಡಿಟ್ಟುಕೊಳ್ಳಿ.

ಹೊರಡುವ ದಿನ ಮತ್ತೆ ಪೇಟನ್ ಅಂಗಳಕ್ಕೆ ಹೋದೆವು. ಸ್ವಯಂಸೇವಕಿಯೊಬ್ಬರು ಫೀಡರುಗಳನ್ನು ಒಂದೊಂದಾಗಿ ಇಳಿಸಿ ತೊಳೆದು, ಒಂದು ಪಾಲು ಸಕ್ಕರೆಗೆ ನಾಲ್ಕು ಪಾಲು ನೀರಿನ ಲೆಕ್ಕದಲ್ಲಿ, ಬಣ್ಣವೇನೂ ಬೆರೆಸದೆ ತುಂಬುತ್ತಿದ್ದರು. ಅವರು ಮೊದಲನೆಯದನ್ನು ಕೊಕ್ಕೆಗೆ ಸಿಕ್ಕಿಸಿ ಕೈ ತೆಗೆಯುವ ಮೊದಲೇ ಬ್ರಾಡ್-ಬಿಲ್ಡ್ ಹಮ್ಮಿಂಗ್‌ಬರ್ಡೊಂದು ಅವರ ಬೆರಳ ಪಕ್ಕದಲ್ಲೇ ಕೊಕ್ಕು ಇಟ್ಟಿತ್ತು.