ಯಾದಗಿರಿಯ ಬಾಡಿಗೆ ಮನೆ: 22 ತಿಂಗಳು ಇದ್ದು ನೋಡಿದ ಮೇಲೆ

ಸ್ಟಾರ್ ಕೊಡಲೇಬೇಕು ಅಂದರೆ ಐದಕ್ಕೆ ಮೂರೂವರೆ. ಡಿಸೆಂಬರ್‌ನಲ್ಲಿ ಕೇಳಿದ್ದರೆ ನಾಲ್ಕೂವರೆ ಕೊಟ್ಟುಬಿಡುತ್ತಿದ್ದೆ. ಈಗ ಏಪ್ರಿಲ್, ಫ್ಯಾನ್ ಬಿಸಿಗಾಳಿ ಬೀಸುತ್ತಿದೆ. ಹಾಗಾಗಿ ಮೂರೂವರೆ.

ನಮ್ಮೂರು ತುಮಕೂರು. ಬ್ಯಾಂಕಿನಲ್ಲಿ ವರ್ಗಾವಣೆಯಾಗಿ 2024ರ ಜೂನ್‌ನಲ್ಲಿ ಹೆಂಡತಿ, ಮಗಳ ಜೊತೆ ಯಾದಗಿರಿಗೆ ಬಂದೆ. ಉದ್ಯಾನ್ ಎಕ್ಸ್‌ಪ್ರೆಸ್ ನಿಲ್ಲುತ್ತೆ, ರಾತ್ರಿ ಬೆಂಗಳೂರಲ್ಲಿ ಹತ್ತಿದರೆ ಬೆಳಗಿನ ಹೊತ್ತಿಗೆ ಇಳೀಬಹುದು ಅನ್ನೋದು ಬಿಟ್ಟರೆ ಊರಿನ ಬಗ್ಗೆ ನನಗೇನೂ ಗೊತ್ತಿರಲಿಲ್ಲ. ಅಪಾರ್ಟ್‌ಮೆಂಟ್ ಹುಡುಕಿ ನಾಲ್ಕು ದಿನ ವೇಸ್ಟ್ ಮಾಡಿದೆ. ಇಲ್ಲಿ ಜಾಸ್ತಿ ಸಿಗೋದು ಮಾಲೀಕರು ಕೆಳಗೆ, ಬಾಡಿಗೆಯವರು ಮೇಲೆ ಇರುವಂಥ ಮನೆಗಳು. ಅದೂ ಮೊಬೈಲ್‌ನಲ್ಲಿ ಹುಡುಕಿದರೆ ಸಿಗಲ್ಲ. ಚಹಾದ ಅಂಗಡಿಯಲ್ಲಿ ನಿಂತು ಕೇಳಬೇಕು. ಎರಡು ಕಡೆ ಮನೆ ಬಾಗಿಲು ತೆಗೆಯುವ ಮುಂಚೆಯೇ "ನೀವು ಯಾವ ಪೈಕಿರಿ?" ಅಂತ ಜಾತಿ ಕೇಳಿದರು. ಆ ಮನೆಗಳನ್ನು ನಾವೇ ಬಿಟ್ಟೆವು.

ಮೂರನೆಯದು ಒಬ್ಬ ನಿವೃತ್ತ ಮೇಷ್ಟ್ರ ಮನೆ. ಇಲ್ಲಿನವರ ಬಾಯಲ್ಲಿ ಮಾಸ್ತರ್. ಮೊದಲ ಮಹಡಿ, ಎರಡು ಬೆಡ್‌ರೂಮ್, ಬಾಡಿಗೆ 8,000, ಮುಂಗಡ 25,000. ಬೆಂಗಳೂರಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಸುಸ್ತಾದವನಿಗೆ ಇದು ನಂಬಲಿಕ್ಕೇ ಆಗಲಿಲ್ಲ. ಕರಾರು ಎಲ್ಲ ಕಡೆಯಂತೆ 11 ತಿಂಗಳದ್ದು. ಒಂದು ವರ್ಷ ದಾಟಿದರೆ ನೋಂದಣಿ ಮಾಡಿಸಬೇಕಲ್ಲ, ಅದಕ್ಕೆ.

"ನೀರು ಹೇಗೆ?" ಅಂತ ಕೇಳಿದೆ. "ನೀರಿಗೇನು ಕಡಿಮಿ ಇಲ್ರಿ ಸರ, ಭೀಮಾ ಹೊಳಿ ಇಲ್ಲೇ ಅದ" ಅಂದರು ಮಾಸ್ತರ್. ನಾನೂ ತಲೆ ಆಡಿಸಿದೆ. ಅಲ್ಲೇ ನಾನು ಎಡವಿದ್ದು. ಊರ ಪಕ್ಕ ಹೊಳೆ ಇರೋದು ಬೇರೆ, ನಳದಲ್ಲಿ ನೀರು ಬರೋದು ಬೇರೆ. ನಮ್ಮ ಬೀದಿಗೆ ನಳ ಬರೋದು ಮೂರು ನಾಲ್ಕು ದಿನಕ್ಕೊಮ್ಮೆ. ಬೇಸಿಗೆಯಲ್ಲಿ ಅದೂ ತಪ್ಪುತ್ತೆ. ಮಿಕ್ಕ ದಿನ ಬೋರ್ ನೀರು, ಉಪ್ಪು. ಸೋಪು ಎಷ್ಟು ತಿಕ್ಕಿದರೂ ನೊರೆ ಬರಲ್ಲ. ಆರು ತಿಂಗಳಲ್ಲಿ ಬಚ್ಚಲಿನ ನಳದ ಬಾಯಿಗೆ ಬಿಳಿ ಪದರ ಕಟ್ಟಿ ನೀರು ಪಕ್ಕಕ್ಕೆ ಚಿಮ್ಮತೊಡಗಿತು. ಮೊದಲ ಬೇಸಿಗೆಯಲ್ಲಿ ಗೊತ್ತಿಲ್ಲದೆ ಕೂಲರ್‌ಗೂ ಇದೇ ನೀರು ಸುರಿದೆ. ಮೇ ತಿಂಗಳಲ್ಲಿ ತೆಗೆದು ನೋಡಿದರೆ ಅದರೊಳಗಿನ ಹುಲ್ಲು ಹಪ್ಪಳದ ಹಾಗೆ ಗಟ್ಟಿ. ಮುರಿದರೆ ಟಕ್ ಅಂತ ಸದ್ದು.

ಹೊಳೆ ನೀರು ಸಿಹಿ, ಆದರೆ ಮಳೆಗಾಲದಲ್ಲಿ ನೋಡೋ ಹಾಗಿಲ್ಲ. ಬಂದ ಹೊಸತು, ಬಕೆಟ್‌ನಲ್ಲಿ ನೀರು ಹಾಲು ಕಮ್ಮಿ ಹಾಕಿದ ಚಹಾದ ಬಣ್ಣಕ್ಕೆ ಬಂತು. ನನ್ನ ಹೆಂಡತಿ ಚೆಲ್ಲೋಕೆ ಹೊರಟಳು. ಕೆಳಗಿನಿಂದ ಮಾಸ್ತರ್ ಹೆಂಡತಿ ಓಡಿ ಬಂದರು. "ಚೆಲ್ಲಬ್ಯಾಡ್ರಿ ಅಕ್ಕಾರ, ತಡೀರಿ" ಅಂತ ದಾರ ಕಟ್ಟಿದ ಪಟಿಕದ ಹರಳು ತಂದು, ಬಕೆಟ್‌ನಲ್ಲಿ ಹತ್ತು ಹನ್ನೆರಡು ಸುತ್ತು ತಿರುಗಿಸಿ, ಮೇಲೊಂದು ತಟ್ಟೆ ಮುಚ್ಚಿ ಹೋದರು. ಬೆಳಿಗ್ಗೆ ನೋಡಿದರೆ ಕೆಳಗೆ ಎರಡು ಬೆರಳು ಕೆಸರು, ಮೇಲೆ ತಿಳಿ ನೀರು. ಅದು ಬಳಸೋಕೆ ಮಾತ್ರ. ಕುಡಿಯೋದಕ್ಕೆ ಕ್ಯಾನ್ ನೀರೇ.

ಈ ಮನೆಯ ನಿಜವಾದ ದೋಷ ಏನು ಅಂದರೆ, ನಳದ್ದೂ ಬೋರಿನದ್ದೂ ಒಂದೇ ಸಂಪಿಗೆ ಬೀಳುತ್ತಿತ್ತು. ಸಿಹಿ ನೀರು ಬಂದರೂ ಉಪ್ಪಾಗುತ್ತಿತ್ತು. ಎಂಟು ತಿಂಗಳು ಬೆನ್ನು ಬಿದ್ದ ಮೇಲೆ ಮಾಸ್ತರ್ ನಳದ ನೀರಿಗೆ ಬೇರೆ 500 ಲೀಟರ್ ಸಿಂಟೆಕ್ಸ್ ಕೂರಿಸಿದರು. ಅರ್ಧ ಖರ್ಚು ನನ್ನದು. ಕೊಟ್ಟಿದ್ದಕ್ಕೆ ಬೇಜಾರಿಲ್ಲ. ಇಲ್ಲಿ ಮನೆ ನೋಡೋರು "ನೀರು ಐತಾ" ಅಂತ ಸುಮ್ನೆ ಕೇಳಬೇಡಿ. ನಳ ಎಷ್ಟು ದಿನಕ್ಕೊಮ್ಮೆ, ಸಂಪು ಒಂದೋ ಎರಡೋ ಅಂತ ಕೇಳಿ. ಸಾಧ್ಯವಾದರೆ ಮುಚ್ಚಳ ತೆಗೆಸಿ ನೋಡಿ.

ಹೊಳೆ ಮನೆಗೆ ನುಗ್ಗುತ್ತಾ ಅಂತ ನಮ್ಮೂರಿಂದ ಫೋನ್ ಮಾಡಿ ಕೇಳೋರು ಇದ್ದಾರೆ. ಇಲ್ಲಿ ಹನಿ ಮಳೆ ಇಲ್ಲದಿದ್ದರೂ ಮಹಾರಾಷ್ಟ್ರದ ಉಜನಿ ಜಲಾಶಯದಿಂದ ನೀರು ಬಿಟ್ಟರೆ ಭೀಮಾ ಏರುತ್ತೆ. ಕಳೆದ ಸೆಪ್ಟೆಂಬರ್ ಕೊನೆಗೆ ಹಾಗೇ ತುಂಬಿ ಬಂತು. ದಂಡೆಯ ಹೊಲಗಳಲ್ಲಿ ಹತ್ತಿ, ತೊಗರಿ ಮುಳುಗಿದವು. ನಮ್ಮ ಬೀದಿ ಎತ್ತರದಲ್ಲಿದೆ, ಏನೂ ಆಗಲಿಲ್ಲ. ಮಾಸ್ತರ್ ಮಾತ್ರ 2020ರ ಅಕ್ಟೋಬರ್ ಪ್ರವಾಹದ ಕಥೆಯನ್ನು ಮತ್ತೊಮ್ಮೆ ಮೊದಲಿಂದ ಹೇಳಿದರು.

ಇನ್ನು ಬಿಸಿಲು. ಮೇಲಿನ ಮನೆ ಅಂದರೆ ತಲೆ ಮೇಲೆ ಬರೀ ಸಿಮೆಂಟ್ ಛಾವಣಿ. ಸಂಜೆ ಏಳಕ್ಕೂ ಗೋಡೆ ಮುಟ್ಟಿದರೆ ಹಂಚು ಮುಟ್ಟಿದ ಹಾಗೆ. ಛಾವಣಿಗೆ ಸುಣ್ಣ ಬಳಿಸಿದ ಮೇಲೆ ಸ್ವಲ್ಪ ತಡೆಯಬಹುದು. ನೆಲ ಶಹಾಬಾದ್ ಫರಸಿ. ಬೂದು ಬಣ್ಣ, ಚೆಂದ ಅಂತೇನಿಲ್ಲ, ಆದರೆ ಮಧ್ಯಾಹ್ನ ಚಾಪೆ ಕೂಡ ಬೇಡ ಅಂತ ಮಗಳು ಅದರ ಮೇಲೇ ಬಿದ್ದುಕೊಳ್ಳುತ್ತಾಳೆ. ರಾತ್ರಿ ನಾವೆಲ್ಲ ಮಾಳಿಗೆ ಮೇಲೆ. ಕೋಟೆ ಗುಡ್ಡ ಕಾಣುತ್ತೆ, ಹತ್ತು ಗಂಟೆ ಮೇಲೆ ಗಾಳಿ ಬರುತ್ತೆ.

ಕರೆಂಟ್ ಬಿಲ್ ಬಗ್ಗೆ ಒಂದು ಮಾತು. ಗೃಹಜ್ಯೋತಿ ಹಿಂದಿನ ಬಾಡಿಗೆಯವರ ಆಧಾರ್‌ಗೆ ಅಂಟಿಕೊಂಡಿತ್ತು. ಡಿ-ಲಿಂಕ್ ಮಾಡಿಸಿ, ಕರಾರು ಪತ್ರ ಇಟ್ಟುಕೊಂಡು ನಮ್ಮ ಹೆಸರಿಗೆ ಮಾಡಿಸಬೇಕಾಯಿತು. ಖುಷಿಯಲ್ಲಿ ಹಗಲು ರಾತ್ರಿ ಕೂಲರ್ ಓಡಿಸಿದೆ. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು ಅನ್ನೋದು ಆ ಏಪ್ರಿಲ್‌ನಲ್ಲಿ ಚೆನ್ನಾಗಿ ಅರ್ಥ ಆಯ್ತು.

ಊಟದ ಬಗ್ಗೆ ದೂರಿಲ್ಲ. ಮುದ್ದೆ ಮರೆತಿಲ್ಲ, ಆದರೆ ಕಟಕ ರೊಟ್ಟಿ, ಶೇಂಗಾ ಹಿಂಡಿ ಇಲ್ಲದೆ ನನ್ನ ಡಬ್ಬಿ ಈಗ ತುಂಬಲ್ಲ. ಎಳ್ಳಮಾವಾಸ್ಯೆಗೆ ಮಾಸ್ತರ್ ಮನೆಯವರು ಅವರ ಹೊಲಕ್ಕೆ ಕರೆದುಕೊಂಡು ಹೋದರು. ಭಜ್ಜಿ ಅಂದರೆ ಎಣ್ಣೆಯಲ್ಲಿ ಕರಿದದ್ದು ಅಂದುಕೊಂಡಿದ್ದೆ. ಬಂದದ್ದು ಸೊಪ್ಪು, ಕಾಳು ಎಲ್ಲ ಹಾಕಿ ಕುದಿಸಿದ ಪಲ್ಯ, ಜೊತೆಗೆ ಸಜ್ಜೆ ರೊಟ್ಟಿ. ಮೂರು ಸಲ ಹಾಕಿಸಿಕೊಂಡೆ. ಮಗಳು "ಹೌದ್ರಿ", "ಇಲ್ರಿ" ಅಂತ ಶುರು ಮಾಡಿದ್ದು ಅವತ್ತಿನಿಂದ.

ಎರಡನೇ ಕರಾರು ಈ ತಿಂಗಳು ಮುಗಿಯುತ್ತೆ. ಬಿಡೋದಾ, ಮುಂದುವರಿಸೋದಾ ಅಂತ ಮನೆಯಲ್ಲಿ ಒಂದು ವಾರ ಚರ್ಚೆ ಆಯ್ತು. ಅಷ್ಟರಲ್ಲಿ ಕೆಳಗೆ ಮಾಸ್ತರ್ ಪಕ್ಕದ ಭಾಗದ ಬಾಡಿಗೆಯವರು ಖಾಲಿ ಮಾಡುತ್ತಿದ್ದಾರೆ ಅಂತ ಗೊತ್ತಾಯ್ತು. ಒಂದು ಬೆಡ್‌ರೂಮ್ ಕಮ್ಮಿ, ಆದರೆ ಛಾವಣಿ ಮೇಲೆ ಇನ್ನೊಂದು ಮನೆ ಇದೆ, ಅದೇ ಮುಖ್ಯ. ನೇರವಾಗಿ ಕೇಳಿದೆ: "ಕೆಳಗೆ ಬರ್ತೀವಿ ಮಾಸ್ತರ್, ಆದ್ರೆ ನಮ್ಮ ಸಿಂಟೆಕ್ಸ್ ಪೈಪೂ ಕೆಳಗೆ ಬರಬೇಕು." ನಕ್ಕುಬಿಟ್ಟರು. "ನೀವು ಬರ್ರಿ ಮೊದಲ, ನೀರು ತಾನೇ ಇಳಿತದ." ಪ್ಲಂಬರ್ ಭಾನುವಾರ ಬರುತ್ತಾನೆ.